ಮೊದಲು ಬೆರಳೆತ್ತಿದವಳು

ಮೊನ್ನೆ ಕಿವಿ ಪರೀಕ್ಷೆ ಮಾಡುವ ಹುಡುಗಿ ನನ್ನ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಶಬ್ದ ಕೇಳಿಸಿದ್ರೆ ಬೆರಳೆತ್ತಿ ಅಜ್ಜಿ" ಎಂದಾಗ, ಶಬ್ದ ಕೇಳಿಸಿದರೂ ನನ್ನ ಬೆರಳು ಏಳಲಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದದ್ದು ಯುದ್ಧದ ಕಾಲದಲ್ಲಿ. ಹನಕೆರೆಯ ಶಾಲೆಗೆ ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ತಾವೇ ಜೋಡಿಸಿದ, ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುವ ರೇಡಿಯೋ ತಂದರು. ಅದರ ಒಂದು ತಂತಿಯನ್ನು ತೆಂಗಿನ ಮರಕ್ಕೆ ಕಟ್ಟಿದರು, ಇನ್ನೊಂದನ್ನು ಕಿಟಕಿಯಾಚೆ ಒದ್ದೆ ಮಣ್ಣಿನಲ್ಲಿ ಹೂತರು.

"ಅಲೆ ಮರದ ತಂತೀಲಿ ಬತ್ತದೆ, ಮಣ್ಣಿಗೆ ಇಳೀತದೆ. ಮಣ್ಣಿನ ತಂತಿ ಬುಟ್ಟೋದ್ರೆ ಏನೂ ಕೇಳ್ಸಲ್ಲ. ಕೇಳಿಸ್ದೋರು ಬೆರಳೆತ್ತಿ" ಎಂದರು.

ಹೆಡ್‌ಫೋನ್ ಮೊದಲು ನನಗೇ ಸಿಕ್ಕಿತು. ತಣ್ಣನೆಯ ಕಪ್ಪು ಬಿಲ್ಲೆ ಕಿವಿಯನ್ನು ಒತ್ತಿತೇ ಹೊರತು ಏನೂ ಕೇಳಿಸಲಿಲ್ಲ. ಆದರೂ ಬೆರಳೆತ್ತಿ, "ಯಾರೋ ಎಂಗಸು ಹಾಡ್ತಾವ್ಳೆ ಸಾ" ಎಂದೆ.

ಪಕ್ಕದಲ್ಲಿದ್ದ ಗೆಳತಿ ಸಾಕಮ್ಮ ಕಿವಿಗಿಟ್ಟುಕೊಂಡು, "ನಂಗೇನೂ ಕೇಳ್ತಿಲ್ಲ" ಎಂದಳು.

"ನಿಂಗ್ ಕಿವುಡು ಕಣಮ್ಮಿ" ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿದಳು.

ಮೇಷ್ಟ್ರು ಕಿಟಕಿಯಾಚೆ ಬಗ್ಗಿ ನೋಡಿದರು. ಮಣ್ಣಿನ ತಂತಿ ಕಿತ್ತುಬಂದಿತ್ತು. ನನ್ನನ್ನೊಮ್ಮೆ ನೋಡಿ, ಅದನ್ನು ಮತ್ತೆ ಹೂತು ನೀರು ಹೊಯ್ದರು.

ಸಾಕಮ್ಮನ ಮುಖ ಅರಳಿತು, ಬೆರಳು ಮೇಲೆದ್ದಿತು. ನಾನು ಆಸೆಯಿಂದ ಕೈ ಚಾಚಿದೆ.

"ನೀ ಆಗ್ಲೇ ಕೇಳಿದ್ಯಲ್ಲ, ಬುಡು" ಎಂದು ಅವಳು, ಯಾವ ಕೊಂಕೂ ಇಲ್ಲದೆ, ಹೆಡ್‌ಫೋನನ್ನು ಹಿಂದಿನ ಸಾಲಿಗೆ ಕೊಟ್ಟಳು.