ಮೊದಲನೆಯವಳ ದನಿ

ಓವನ್ನಿನ ಗುಂಡಿಯ ಮೇಲೆ ಬೆರಳಿಟ್ಟವಳು ಪಂಜರದ ಕಡೆ ತಿರುಗಿ ನೋಡಲಿಲ್ಲ.

ಉಳಿದದ್ದೆಲ್ಲ ಅಚ್ಚುಕಟ್ಟಾಗಿ ಆಗಿತ್ತು. ಒಳಗಿನ ಜಾಲರಿ ತಟ್ಟೆಗಳು ಹೊರಗೆ ಬಂದಿದ್ದವು. ತಳದ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದಳು; ಬಿಟ್ಟರೆ ಹೊಗೆಯೇಳುತ್ತದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಇನ್ನು ಓವನ್ನು ತನ್ನನ್ನು ತಾನೇ ಕೆಂಡದಂತೆ ಕಾಯಿಸಿಕೊಂಡು ಹಳೆಯ ಕೊಳೆಯನ್ನೆಲ್ಲ ಬೂದಿ ಮಾಡುತ್ತದೆ.

ಒಂದು ಕೆಲಸ ಮಾತ್ರ ಬಾಕಿ.

"ಶುರು ಮಾಡೋ ಮುಂಚೆ ಗಿಳೀನ ಎದುರುಮನೆ ಅಜ್ಜಿಗೆ ಕೊಟ್ಬಿಡು," ಎಂದು ಗಂಡ ಬೆಳಿಗ್ಗೆ ಶೂ ಕಟ್ಟುತ್ತ ಹೇಳಿದ್ದ. "ಆ ವಾಸನೆ ಹಕ್ಕಿಗಳಿಗೆ ವಿಷ. ಸತ್ತೇ ಹೋಗುತ್ತೆ."

"ಹೆಂಡತಿ ಮೂಗಿಗೆ ಏನಾದ್ರೂ ಪರವಾಗಿಲ್ವೇನೋ?"

"ನಿನಗೇನೂ ಆಗಲ್ಲ. ಕಿಟಕಿ ತೆಗೆದಿಡು ಸಾಕು."

ಗಿಳಿ ಗಂಡನ ಮೊದಲನೆಯ ಹೆಂಡತಿ ಸಾಕಿದ್ದು. ತೀರಿಹೋದವಳ ಬಗ್ಗೆ ಒಂದಕ್ಷರ ಎತ್ತಕೂಡದು ಎಂದು ಮದುವೆಗೆ ಮುಂಚೆಯೇ ಇವಳು ಕರಾರು ಹಾಕಿದ್ದಳು. ಅವನು ಎತ್ತಿಯೂ ಇರಲಿಲ್ಲ. ಆದರೇನು, ಮನೆ ಸುಮ್ಮನಿರಬೇಕಲ್ಲ? ಕರೆಗಂಟೆ ಒತ್ತಿದರೆ ಕೋಣೆಕೋಣೆಯಲ್ಲೂ ಕೆಂಪು ದೀಪ ಮಿನುಗುವ ಅವಳ ಶೋಕಿ. ಬೀರುವಿನಲ್ಲಿ ಸಿಕ್ಕ ಫೋಟೋದಲ್ಲಿ ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ ಅವನನ್ನೇ ನೋಡಿ ನಗುವ ಅವಳ ವಯ್ಯಾರ. ಸಾಲದ್ದಕ್ಕೆ ಈ ಗಿಳಿ.

ಸಂಜೆ ಬಾಗಿಲು ತೆರೆದರೆ ಸಾಕು, "ರೀ, ಬಂದ್ರಾ?" ಎನ್ನುತ್ತಿತ್ತು. ಮೂಗಿನಲ್ಲಿ ಎಳೆಯುವ, ಬೆಣ್ಣೆ ಸವರಿದಂಥ ದನಿ. ಇವಳೂ ದಿನಾ ಅವನನ್ನು ಕೇಳುವ ಮಾತೇ ಅದು. ಆಡುವ ಮಾತನ್ನೂ ಮೊದಲನೆಯವಳು ಎಂಜಲು ಮಾಡಿಟ್ಟು ಹೋಗಿದ್ದಳು.

"ಬಂದೆ ಕಣೇ," ಎಂದು ಅವನು ಪಂಜರಕ್ಕೆ ಮುಖ ಒಡ್ಡುತ್ತಿದ್ದ. ಆಮೇಲೆ ಇವಳತ್ತ ತಿರುಗಿ, "ಈ ದನಿ ಕೇಳಿದ್ರೆ ದಣಿವೇ ಗೊತ್ತಾಗಲ್ಲ ನೋಡು," ಎನ್ನುತ್ತಿದ್ದ.



ಈಗ ಗುಂಡಿ ಒತ್ತಿದಳು. ಓವನ್ನಿನ ಬಾಗಿಲು ಟಕ್ಕೆಂದು ತಾನೇ ಬೀಗ ಹಾಕಿಕೊಂಡಿತು. ಗಿಳಿಯನ್ನು ಮರೆತೆ ಎಂದರಾಯಿತು. ಮರೆವು ಯಾರಿಗಿಲ್ಲ?

ಸುಟ್ಟ ಜಿಡ್ಡಿನ ಕಮಟು ಮೆಲ್ಲಗೆ ಎದ್ದಿತು. ಗಿಳಿ ರೆಕ್ಕೆ ಬಡಿಯಿತು. ಕತ್ತು ಓರೆ ಮಾಡಿ ಇವಳನ್ನೇ ನೋಡಿತು.

"ರೀ... ಬಂದ್ರಾ?"

ಅಷ್ಟೇ. ಕೈಕಾಲು ತಾವಾಗಿಯೇ ಆಡಿದವು. ನಿಲ್ಲಿಸುವ ಗುಂಡಿಯನ್ನು ಕುಟ್ಟಿ, ಪಂಜರವನ್ನು ಎದೆಗವಚಿಕೊಂಡು ಓಡಿ ಎದುರುಮನೆಯ ಬಾಗಿಲು ಬಡಿದಳು. ಗಿಳಿ ಗಾಬರಿಯಲ್ಲಿ ಅದೊಂದೇ ಮಾತನ್ನು ಅರಚುತ್ತಿತ್ತು.

"ಬಂದೆ ತಾಯೀ, ಬಂದೆ!" ಅಜ್ಜಿ ನಗುತ್ತಲೇ ಬಾಗಿಲು ತೆರೆದಳು. "ಗಂಡನ್ನ ಕೂಗೋ ಹಾಗೆ ಈ ಮುದುಕೀನ ಕೂಗ್ತೀಯಲ್ಲೇ!"

"ಕೂಗಿದ್ದು ನಾನಲ್ಲ ಅಜ್ಜಿ, ಇದು." ಇವಳು ಪಂಜರವನ್ನು ಮುಂದೆ ಚಾಚಿದಳು. "ಇನ್ನೂ ಅವಳದೇ ದನಿ ಇದಕ್ಕೆ. ಸತ್ತರೂ ಮನೆ ಬಿಟ್ಟಿಲ್ಲ ಅವಳು."

ಅಜ್ಜಿಯ ನಗು ಅಲ್ಲೇ ನಿಂತಿತು. ಪಂಜರವನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು.

"ಅವಳದಾ? ಆ ಹುಡುಗಿಗೆ ಹುಟ್ಟಿದಾಗಿನಿಂದ ಕಿವೀನೂ ಕೇಳ್ತಿರಲಿಲ್ಲ, ಮಾತೂ ಬರ್ತಿರಲಿಲ್ಲವಲ್ಲೇ."