ಸಿಟ್ಟಿನ ಕೈ, ಹನ್ನೆರಡು ವೋಲ್ಟು

ಸಿಟ್ಟಾದವರು ಮುಟ್ಟಿದ ತಂತಿಯಲ್ಲಿ ಕರೆಂಟು ನಿಂತುಹೋಗುವ ಕಾಲ ಬಂದು ಆರು ವರ್ಷವಾಗಿತ್ತು. ಗದಗಿನ ಶಶಿರೇಖಾ ತನ್ನ ಅವ್ವನ ಉಸಿರಾಟದ ಯಂತ್ರಕ್ಕೆ ಪವರ್ ಸಪ್ಲೈ ಕಟ್ಟುತ್ತಿದ್ದಳು. ಬೆಳಗಿನಿಂದ ಮೀಟರು ಸೊನ್ನೆಯನ್ನೇ ತೋರಿಸುತ್ತಿತ್ತು. ಯಂತ್ರದ ಬ್ಯಾಟರಿ ಇನ್ನೊಂದೇ ತಾಸು ನಡೆಯುವಂತಿತ್ತು. ಅವಳ ಸಿಟ್ಟು ನೆತ್ತಿಗೇರಿತು.

“ನಿನ್ನ ಸಿಟ್ಟಿಗೇ ಅದು ನಡೀವಲ್ದು. ಇತ್ಲಾಗ ಕೊಡು,” ಎಂದು ಅವ್ವ ಏದುಸಿರು ಬಿಡುತ್ತಲೇ ಮೀಟರಿನ ಕಡ್ಡಿ ಹಿಡಿದಳು.

ಆ ತಣ್ಣನೆಯ ಕೈಗೂ ಸೊನ್ನೆಯೇ ಬಂತು.

ಶಶಿರೇಖಾಳಿಗೆ ಅಳು ಬರುವಷ್ಟು ಸಮಾಧಾನವಾಯಿತು. “ಹಂಗಾರ ತಪ್ಪು ನಂದಲ್ಲ ಯವ್ವಾ, ಸರ್ಕ್ಯೂಟಿಂದು!” ಎಂದು ಹುಡುಕಿ, ಉಲ್ಟಾ ಕೂತಿದ್ದ ಡಯೋಡನ್ನು ಕಿತ್ತು ಸರಿಯಾಗಿ ಬೆಸುಗೆ ಹಾಕಿದಳು. ಮೀಟರು ಹನ್ನೆರಡು ತೋರಿಸಿತು.

“ಅದನ್ನ ಉಲ್ಟಾ ಕುಂದ್ರಿಸಿದಾಕಿ ಯಾರು?” ಎಂದಳು ಅವ್ವ.

ಶಶಿರೇಖಾ ಹಲ್ಲು ಕಚ್ಚಿ, ತಂತಿಯನ್ನು ಅವ್ವನ ಕೈಗೇ ಕೊಟ್ಟಳು.

“ಯಂತ್ರಕ್ಕ ನೀನ ಚುಚ್ಚು.”