ದೂರಿಲ್ಲದ ನಡುಗಡ್ಡೆ

ನಡುಗಡ್ಡೆಯ ದೀಪಸ್ತಂಭದಿಂದ ದಿನಬೆಳಗಾದರೆ ಒಂದೇ ದೂರು: ನೆಟ್ ನಿಧಾನ. ಅಲ್ಲಿಗೂ ದಡಕ್ಕೂ ನಡುವೆ ಇದ್ದದ್ದು ಒಂದು ಸ್ಯಾಟಲೈಟ್ ಮೋಡೆಮ್ ಮಾತ್ರ. ಫೋನ್ ಸಿಗ್ನಲ್ ಅಷ್ಟು ದೂರ ಹೋಗುತ್ತಿರಲಿಲ್ಲ.

ದೋಣಿ ಕಂಡರೇ ತಲೆಸುತ್ತು ಬರುವ ಪದ್ಮರಾಜ ಸಾಹೇಬರು, ದಡದ ಕಚೇರಿಯಲ್ಲೇ ಕೂತು ಮೋಡೆಮ್‌ನ ಐಪಿ ದಾರಿಯನ್ನು, ಅಂದರೆ ನೆಟ್ ಹೋಗಿಬರುವ ಹಾದಿಯನ್ನು, ತಾವೇ ಬದಲಿಸಲು ಹೊರಟರು.

"ಹಳೇ ದಾರಿ ಅಳಿಸುವ ಮೊದಲು ಹೊಸತು ಹಾಕ್ಬೇಕಲ್ವಾ ಸರ್? ನಾವು ಇಲ್ಲಿಂದ ಮೋಡೆಮ್ ಮುಟ್ಟುದೂ ಅದೇ ದಾರಿಯಲ್ಲಿ." ಎಂದಳು ಕಿರಿಯ ಇಂಜಿನಿಯರ್ ಹರಿಣಾಕ್ಷಿ.

"ಸುಣ್ಣ ಹೊಡೆಯುವಾಗ ಮೊದಲು ಹಳತು ಕೆರೆದು ತೆಗೆಯುದಲ್ವಾ ಮಾರಾಯ್ತಿ?"

ಸಾಹೇಬರು ಹಳತನ್ನು ಅಳಿಸಿದರು. ಹೊಸತನ್ನು ಬರೆದಾಗ ಪರದೆ ತುಟಿಪಿಟಿಕ್ಕೆನ್ನಲಿಲ್ಲ, ಒಪ್ಪಿತೆಂದುಕೊಂಡರು.

ಮರುದಿನ ದೂರು ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

"ನೋಡಿದ್ಯಾ, ಬಾಯಿ ಹೇಗೆ ಮುಚ್ಚಿಸಿದೆ?" ಎಂದರು ಸಾಹೇಬರು. ಹರಿಣಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಮೇಲಿನವರು ಸನ್ಮಾನಕ್ಕೆ ದಿನ ಗೊತ್ತು ಮಾಡಿಯಾಗಿತ್ತು. ಪೇಟ ಬಂತು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. "ದೂರೆಂಬುದೇ ಇಲ್ಲದ ಸಂಪರ್ಕ" ಎಂದು ಸಾಹೇಬರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಾಗ, ದೀಪಸ್ತಂಭದ ಕಾವಲುಗಾರ ಸೊಂಟದವರೆಗೆ ಒದ್ದೆಯಾಗಿ ಬಾಗಿಲಲ್ಲಿ ನಿಂತಿದ್ದ.

"ಸರ್, ಬೇರೆಂತ ಬೇಡ. ದೂರು ಕೊಡುವಷ್ಟಾದ್ರೂ ನೆಟ್ ಕೊಡಿ ಮಾರಾಯ್ರೆ."